ಹಳೆಯ ಕಂಪ್ಯೂಟರುಗಳ ಎರಡನೆಯ ಬದುಕು

ಬೆಂಗಳೂರಿನಲ್ಲಿ ಹಳೆಯ ಕಂಪ್ಯೂಟರಿನ ಮರುಬಳಕೆ ಇ-ತ್ಯಾಜ್ಯದ ಕಾನೂನಿಗಿಂತ ಮೊದಲೇ ಬೇರೂರಿತ್ತು. ಕಚೇರಿಗಳು ಕೈಬಿಟ್ಟ ಯಂತ್ರಗಳು ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ದುರಸ್ತಿಯಾಗಿ ಮತ್ತೆ ಮಾರಾಟವಾಗುತ್ತಿದ್ದವು. ಅದು ಸರಿಯಾದ ದಾರಿಯೇ ಆಗಿತ್ತು. ವಿಶ್ವಸಂಸ್ಥೆ ವಿಶ್ವವಿದ್ಯಾಲಯದ 2004ರ ಅಧ್ಯಯನದಂತೆ, ಮಾನಿಟರ್ ಸಹಿತ ಒಂದು ಡೆಸ್ಕ್‌ಟಾಪ್ ತಯಾರಿಕೆಗೆ ಸುಮಾರು 240 ಕಿಲೋ ಇಂಧನ, 1,500 ಕಿಲೋ ನೀರು ಬೇಕಿತ್ತು. ಕರಗಿಸಿದರೆ ಲೋಹ ಮರಳೀತು, ಆ ಇಂಧನ ಮರಳದು.

ದುರಸ್ತಿಗೆ ಒಗ್ಗದವು ಗುಜರಿಗೆ ಹೋಗುತ್ತಿದ್ದವು. ಅಲ್ಲಿ ತಾಮ್ರಕ್ಕಾಗಿ ತಂತಿ ಸುಡುವುದು, ಚಿನ್ನಕ್ಕಾಗಿ ಸರ್ಕ್ಯೂಟ್ ಬೋರ್ಡುಗಳನ್ನು ಆಮ್ಲದಲ್ಲಿ ಅದ್ದುವುದು ಬರಿಗೈಯಲ್ಲೇ ನಡೆಯುತ್ತಿತ್ತು. ಮಾನಿಟರ್ ಗಾಜಿನ ಸೀಸದಿಂದಲೂ ಆ ಕೆಲಸಗಾರರಿಗೆ ರಕ್ಷಣೆಯಿರಲಿಲ್ಲ. ಇದು ದೊಡ್ಡ ಅನ್ಯಾಯ. ಇದಕ್ಕೆ ಪರ್ಯಾಯವಾಗಿ 2005ರಲ್ಲಿ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಅಧಿಕೃತ ಇ-ತ್ಯಾಜ್ಯ ಸಂಸ್ಕರಣಾ ಘಟಕ ಆರಂಭವಾಯಿತು. 2012ರ ಮೇ 1ರಿಂದ ಜಾರಿಗೆ ಬಂದ ಕೇಂದ್ರದ ಇ-ತ್ಯಾಜ್ಯ ನಿಯಮಗಳು ಹಳೆಯ ಯಂತ್ರಗಳನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ತಯಾರಕರಿಗೆ ವಹಿಸಿದವು.