ನೇತ್ರಾಣಿ ಸ್ಕೂಬಾ: ನಮ್ಮ ಜಿಲ್ಲೆಯಿಂದ ಹೋಗೋರು ಮೊದಲೇ ತಿಳಿದಿರಬೇಕಾದ್ದು

ಕೋಲಾರ: ಮುರುಡೇಶ್ವರ ಅಂದ್ರೆ ನಮ್ಮ ಜಿಲ್ಲೆಗೆ ಈಗ ಬರೀ ದೇವಸ್ಥಾನದ ಊರಲ್ಲ. 2024ರ ಡಿಸೆಂಬರ್ 10ರಂದು ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯಿಂದ ಪ್ರವಾಸ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲ್ಲಿನ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್ ದೋಣಿಗಳು ಹೊರಡೋದೂ ಅದೇ ಊರಿಂದ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಇಲ್ಲಿ ನೀರಿಗಿಳಿದದ್ದನ್ನು ನೋಡಿ, ನಾವೂ ಹೋಗಬೇಕು ಅನ್ನೋ ಹುಡುಗರು ಇಲ್ಲೂ ಇದ್ದಾರೆ.

ಮೊದಲು ಒಂದು ಮಾತು. ಕೆರೆ, ಬಾವಿಯಲ್ಲಿ ಈಜು ಕಲಿತವರಿಗೆ ಕಡಲು ಬೇರೆಯೇ. ದಡದಲ್ಲಿ ಮೊಣಕಾಲುದ್ದ ನೀರಿದ್ರೂ ವಾಪಸ್ ಹೋಗುವ ಅಲೆ ಕಾಲ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಗುತ್ತೆ. ಸ್ಕೂಬಾದಲ್ಲಿ ಉಪಕರಣ ಇರುತ್ತೆ, ಪಕ್ಕದಲ್ಲಿ ತರಬೇತುದಾರರು ಇರ್ತಾರೆ. ದಡದಲ್ಲಿ ಎರಡೂ ಇರೋದಿಲ್ಲ. ಡೈವ್ ಮುಗಿಸಿ ಬಂದ ಧೈರ್ಯದಲ್ಲಿ ಸಂಜೆ ಬೀಚಿಗೆ ಇಳಿಯೋದು ಬೇಡ.

ನೇತ್ರಾಣಿ ಇರೋದು ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರ, ಅರಬ್ಬಿ ಸಮುದ್ರದಲ್ಲಿ. ಪಾರಿವಾಳ ದ್ವೀಪ ಅಂತಲೂ ಕರೀತಾರೆ. ನೌಕಾಪಡೆ ಇದನ್ನು ಗುಂಡಿನ ಗುರಿ ಅಭ್ಯಾಸಕ್ಕೆ ಬಳಸಿದೆ, ಸಿಡಿಯದ ಶೆಲ್‌ಗಳ ಭಯವೂ ಇದೆ. ಹಾಗಾಗಿ ಪ್ರವಾಸಿಗರನ್ನು ದ್ವೀಪದ ಮೇಲೆ ಇಳಿಸೋದಿಲ್ಲ, ನೋಡೋದೆಲ್ಲ ಸುತ್ತಲಿನ ನೀರಿನಲ್ಲೇ. ಬಿಳಿ ಹೊಟ್ಟೆಯ ಕಡಲ ಹದ್ದು ಮಾತ್ರ ದೋಣಿಯಿಂದಲೇ ಕಾಣಬಹುದು.

ನೀರಿನೊಳಗೆ ಹವಳ, ಗಿಳಿಮೀನು, ಚಿಟ್ಟೆಮೀನು, ಬಂಡೆ ಸಂದಿಯಲ್ಲಿ ಮೊರೆ ಈಲ್, ಅದೃಷ್ಟವಿದ್ರೆ ಕಡಲಾಮೆ. ಜಗತ್ತಿನ ಅತಿ ದೊಡ್ಡ ಮೀನಾದ ತಿಮಿಂಗಿಲ ಶಾರ್ಕ್ ಅಪರೂಪ. ಅದು ಸಣ್ಣ ಸಣ್ಣ ಜೀವಿಗಳನ್ನು ಸೋಸಿ ತಿನ್ನುವ ಸಾಧು. ಹವಳ ಕಲ್ಲಲ್ಲ, ಸಾವಿರಾರು ಪುಟ್ಟ ಪ್ರಾಣಿಗಳು ಸೇರಿ ಕಟ್ಟಿದ ಮನೆ. ಬಂಡೆಯಂಥ ಹವಳ ವರ್ಷಕ್ಕೆ ಒಂದು ಸೆಂ.ಮೀ. ಬೆಳೆದರೆ ಹೆಚ್ಚು. ಮೇಲೆ ನಿಂತ್ರೂ, ಕಾಲಿನ ರೆಕ್ಕೆಯಿಂದ ಮರಳು ಎಬ್ಬಿಸಿದ್ರೂ ಅದು ಸಾಯಬಹುದು. ನೆನಪಿಗೆ ಅಂತ ತುಂಡು ಮುರಿದು ತಂದ್ರೆ ಜೈಲು. ಹವಳವೂ, 2001ರಿಂದ ತಿಮಿಂಗಿಲ ಶಾರ್ಕೂ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಶಿಕ್ಷೆ 3ರಿಂದ 7 ವರ್ಷ.

ಈಜು ಬಾರದವರೂ ಹೋಗಬಹುದು. ಮೊದಲ ಸಲದವರಿಗೆ ತರಬೇತುದಾರರ ಜೊತೆ ಗರಿಷ್ಠ 12 ಮೀಟರ್, ವಯಸ್ಸು 10 ದಾಟಿರಬೇಕು. ಅಷ್ಟೇನಾ ಅನ್ನಬೇಡಿ. ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿ.ಮೀ. ಕೆಳಗೂ ಗಾಳಿಯ ಒತ್ತಡ ದುಪ್ಪಟ್ಟಾಗೋದಿಲ್ಲ, ಕಡಲಲ್ಲಿ 10 ಮೀಟರ್‌ಗೇ ಆಗುತ್ತೆ. ಅದಕ್ಕೇ ಇಳಿಯುವಾಗ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಸರಿಮಾಡಿಕೊಳ್ಳಬೇಕು. ಮೇಲೆ ಬರುವಾಗ ಶ್ವಾಸಕೋಶದ ಗಾಳಿ ಹಿಗ್ಗುತ್ತೆ; ಉಸಿರು ಕಟ್ಟಿದ್ರೆ ಶ್ವಾಸಕೋಶವೇ ಹರಿಯಬಹುದು. ಉಸಿರಾಟ ನಿಲ್ಲಿಸಬಾರದು ಅನ್ನೋದೇ ಸ್ಕೂಬಾದ ಮೊದಲ ನಿಯಮ.

ಆಸ್ತಮಾ, ಹೃದ್ರೋಗ, ಮೂರ್ಛೆ, ಕಿವಿ ಆಪರೇಷನ್ ಇದ್ರೆ ವೈದ್ಯಕೀಯ ಫಾರಂನಲ್ಲಿ ಮುಚ್ಚಿಡಬೇಡಿ. ದುಡ್ಡು ಕಟ್ಟಾಯ್ತು ಅಂತ ನೆಗಡಿಯಲ್ಲಿ ಇಳಿಯೋದೂ ತಪ್ಪು. ಗರ್ಭಿಣಿಯರಿಗೆ ಬೇಡವೇ ಬೇಡ. ತರಬೇತುದಾರರ ಪ್ರಮಾಣಪತ್ರ, ದೋಣಿಯಲ್ಲಿ ಆಮ್ಲಜನಕದ ಸಿಲಿಂಡರ್ ಇದೆಯಾ ಅಂತ ಬುಕಿಂಗ್‌ಗೆ ಮೊದಲೇ ಕೇಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ, ಡೈವಿಂಗ್ ಇರೋದಿಲ್ಲ.

ಬೆಂಗಳೂರಿನ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಮುರುಡೇಶ್ವರಕ್ಕೆ ರೈಲಿದೆ. ಮಾಲೂರು ಕಡೆಯವರು ಕೆ.ಆರ್. ಪುರಂನಲ್ಲಿ ಇಳಿದರೆ ಟರ್ಮಿನಲ್ ಹತ್ತಿರ. (ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ 2007ರವರೆಗೆ ನಮ್ಮ ಜಿಲ್ಲೆಯಲ್ಲೇ ಇತ್ತು.)

ವಾಪಸ್ ಬರುವ ವಿಚಾರ ಮಾತ್ರ ಬಹಳ ಜನಕ್ಕೆ ತಿಳಿದಿಲ್ಲ. ಒಂದು ಡೈವ್ ಆದ ಮೇಲೆ ಕನಿಷ್ಠ 12 ಗಂಟೆ, ಹಲವು ಬಾರಿ ಮುಳುಗಿದ್ರೆ 18 ಗಂಟೆ ವಿಮಾನ ಹತ್ತಬಾರದು. ಕೋಲಾರ ಸಮುದ್ರಮಟ್ಟದಿಂದ 800 ಮೀಟರ್‌ಗೂ ಎತ್ತರದಲ್ಲಿದೆ, ದಾರಿಯಲ್ಲಿ ಘಾಟಿಯೂ ಇದೆ. ಅದೇ ದಿನ ಕಾರು ಹತ್ತೋರು ಎಷ್ಟು ಹೊತ್ತು ಕಾಯಬೇಕು ಅಂತ ಡೈವ್ ಮಾಡಿಸಿದವರನ್ನೇ ಕೇಳಿ ಹೊರಡಿ.