ಜುಮ್ಮೆನಿಸುವಿಕೆ ಇಲ್ಲವಾದ ಮೇಲೆ: ಮಿದುಳುಬಳ್ಳಿ ಪ್ರಚೋದನೆಯ ಪುರಾವೆಗಳ ಮರುಪರಿಶೀಲನೆ

ದೀರ್ಘಕಾಲೀನ ನೋವಿನ ಶಮನಕ್ಕೆಂದು ಮಿದುಳುಬಳ್ಳಿಯ ಬಳಿ ವಿದ್ಯುತ್ ಸಾಧನವನ್ನು ಹುದುಗಿಸುವ ಪದ್ಧತಿಗೆ ಅರ್ಧ ಶತಮಾನ ದಾಟಿದೆ. ಅದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂಬ ಕಠಿಣ ಪರೀಕ್ಷೆಗೆ ಮಾತ್ರ ಅಷ್ಟು ವಯಸ್ಸಾಗಿಲ್ಲ. ಈ ತಡಕ್ಕೆ ಬಹುಮಟ್ಟಿಗೆ ಸಾಧನದ ಒಂದು ಗುಣವೇ ಕಾರಣ ಎಂಬುದು ಈ ಲೇಖನದ ವಾದ. ಯಂತ್ರ ಚಾಲೂ ಇದೆಯೋ ಇಲ್ಲವೋ ಎಂಬುದು ರೋಗಿಗೆ ತಾನಾಗಿ ಗೊತ್ತಾಗುತ್ತಿತ್ತು.

1965ರಲ್ಲಿ ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ 'ದ್ವಾರ ನಿಯಂತ್ರಣ ಸಿದ್ಧಾಂತ'ವನ್ನು ಮಂಡಿಸಿದರು. ಸ್ಪರ್ಶವನ್ನು ತಿಳಿಸುವ ದಪ್ಪ ನರತಂತುಗಳು ಚುರುಕಾದರೆ, ಸಣ್ಣ ತಂತುಗಳು ತರುವ ನೋವಿನ ಸಂದೇಶಕ್ಕೆ ಮಿದುಳುಬಳ್ಳಿಯಲ್ಲೇ ತಡೆ ಬೀಳುತ್ತದೆ ಎಂಬುದು ಅದರ ತಿರುಳು. ಪೆಟ್ಟು ಬಿದ್ದ ಜಾಗವನ್ನು ಉಜ್ಜಿಕೊಂಡರೆ ಹಾಯೆನಿಸುವುದಕ್ಕೆ ಇದರಲ್ಲಿ ವಿವರಣೆಯಿತ್ತು. ಸಿದ್ಧಾಂತದ ಹಲವು ವಿವರಗಳು ಮುಂದೆ ತಿದ್ದುಪಡಿಯಾದವು, ಆದರೆ ಪ್ರಯೋಗಕ್ಕೆ ಅದು ದಾರಿ ತೆರೆದಿತ್ತು. 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ನರಶಸ್ತ್ರವೈದ್ಯ ನಾರ್ಮನ್ ಶೀಲಿ, ಶ್ವಾಸಕೋಶದ ಕ್ಯಾನ್ಸರಿನಿಂದ ನರಳುತ್ತಿದ್ದ ರೋಗಿಯೊಬ್ಬರಿಗೆ ಇಂಥ ಮೊದಲ ಸಾಧನವನ್ನು ಅಳವಡಿಸಿದರು. ಅದನ್ನು ರೂಪಿಸಿದವರು ಆಗಿನ್ನೂ ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿದ್ದ ಥಾಮಸ್ ಮಾರ್ಟಿಮರ್.

ಇಂದಿನ ಸಾಧನದಲ್ಲಿ ಎಲೆಕ್ಟ್ರೋಡುಗಳಿರುವ ತೆಳು ತಂತಿಯನ್ನು ಮಿದುಳುಬಳ್ಳಿಯ ಹೊರಪೊರೆಯ ಹಿಂಬದಿಯಲ್ಲಿ ಇರಿಸುತ್ತಾರೆ. ಬ್ಯಾಟರಿಯಿರುವ ಪೆಟ್ಟಿಗೆ ಸಾಮಾನ್ಯವಾಗಿ ಪೃಷ್ಠದ ಮೇಲ್ಭಾಗದ ಅಥವಾ ಹೊಟ್ಟೆಯ ಚರ್ಮದಡಿಗೆ ಹೋಗುತ್ತದೆ. ಕೆಲವು ದಿನ ತಾತ್ಕಾಲಿಕವಾಗಿ ಪರೀಕ್ಷಿಸಿ, ನೋವು ಅರ್ಧದಷ್ಟಾದರೂ ಇಳಿದರೆ ಮಾತ್ರ ಕಾಯಂ ಅಳವಡಿಕೆ ಎಂಬುದು ರೂಢಿ. ಹಳೆಯ ಕ್ರಮದಲ್ಲಿ ಸೆಕೆಂಡಿಗೆ ಸುಮಾರು 40ರಿಂದ 100 ವಿದ್ಯುತ್ ತುಡಿತಗಳು ಹರಿಯುತ್ತವೆ, ನೋವಿದ್ದ ಕಡೆ ರೋಗಿಗೆ ಜುಮ್ಮೆನಿಸುತ್ತದೆ. ಹಾಗೆ ಜುಮ್ಮೆನ್ನದಿದ್ದರೆ ತಂತಿ ಸರಿಯಾದ ಜಾಗದಲ್ಲಿಲ್ಲ ಎಂದೇ ವೈದ್ಯರು ತಿಳಿಯುತ್ತಿದ್ದರು. ಹೀಗಾಗಿ ನಿಜವಾದ ಪ್ರಚೋದನೆಯನ್ನು ಹುಸಿ ಪ್ರಚೋದನೆಯೊಂದಿಗೆ, ರೋಗಿಗೆ ತಿಳಿಯದಂತೆ, ಹೋಲಿಸುವುದು ಅಸಾಧ್ಯಪ್ರಾಯವಾಗಿತ್ತು.

ಆದ್ದರಿಂದ ಪ್ರಮುಖ ಪ್ರಯೋಗಗಳು ಸಾಧನವನ್ನು ಬೇರೆ ಚಿಕಿತ್ಸೆಯೊಂದಿಗೆ ಹೋಲಿಸಿದವು. 2007ರಲ್ಲಿ ಪ್ರಕಟವಾದ 'ಪ್ರೊಸೆಸ್' ಅಧ್ಯಯನದಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಯ ಬಳಿಕವೂ ಕಾಲುನೋವು ಉಳಿದಿದ್ದ 100 ಮಂದಿ ಇದ್ದರು. ಆರು ತಿಂಗಳಲ್ಲಿ ಕಾಲುನೋವು ಅರ್ಧಕ್ಕರ್ಧ ಇಳಿದವರು ಸಾಧನದ ಗುಂಪಿನಲ್ಲಿ ಶೇ. 48, ಔಷಧೋಪಚಾರದ ಗುಂಪಿನಲ್ಲಿ ಶೇ. 9. ಇದು ದೊಡ್ಡ ಅಂತರ, ನಿಜ. ಆದರೆ ಔಷಧೋಪಚಾರದ ಗುಂಪಿನವರು ಈಗಾಗಲೇ ಔಷಧಗಳಿಂದ ಬೇಸತ್ತವರು. ಇನ್ನೊಂದು ಗುಂಪಿನವರಿಗೆ ಶಸ್ತ್ರಚಿಕಿತ್ಸೆಯೂ ಹೊಸ ಯಂತ್ರವೂ ಅವುಗಳ ಜೊತೆಗೆ ಬರುವ ಭರವಸೆಯೂ ದೊರೆತಿದ್ದವು. ನೆದರ್‌ಲ್ಯಾಂಡ್ಸ್‌ನಲ್ಲಿ ಕೆಮ್ಲರ್ ಮತ್ತು ಸಂಗಡಿಗರು ಸಂಕೀರ್ಣ ಪ್ರಾದೇಶಿಕ ನೋವಿನ 54 ರೋಗಿಗಳನ್ನು ಅಧ್ಯಯನ ಮಾಡಿದಾಗ ಆರಂಭದಲ್ಲಿ ಸ್ಪಷ್ಟ ಲಾಭ ಕಂಡಿತು. ಐದು ವರ್ಷಗಳ ಹೊತ್ತಿಗೆ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಉಳಿಯಲಿಲ್ಲ.

ಮುಂದೆ ಬಂದ ಅಧಿಕ ಆವರ್ತನದ (ಸೆಕೆಂಡಿಗೆ 10,000 ತುಡಿತಗಳ) ಮತ್ತು 'ಬರ್ಸ್ಟ್' (ತುಡಿತಗಳನ್ನು ಗುಚ್ಛಗುಚ್ಛವಾಗಿ ಹರಿಸುವ) ಮಾದರಿಯ ಪ್ರಚೋದನೆಗಳು ಜುಮ್ಮೆನಿಸುವಿಕೆಯನ್ನೇ ಇಲ್ಲವಾಗಿಸಿದವು. ರೋಗಿಗೆ ಹಿತವೆಂದು ಪ್ರಚಾರಗೊಂಡ ಈ ಬದಲಾವಣೆ ಸಂಶೋಧಕರಿಗೆ ಬೇರೊಂದು ಅವಕಾಶವನ್ನೂ ಕೊಟ್ಟಿತು. ಯಂತ್ರವನ್ನು ಈಗ ಗುಟ್ಟಾಗಿ ಆರಿಸಿಡಬಹುದಾಗಿತ್ತು.

ನಾರ್ವೆಯ ಟ್ರಾನ್‌ಹೈಮ್‌ನ ತಂಡ ಮಾಡಿದ್ದು ಅದನ್ನೇ. 2022ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ತಾತ್ಕಾಲಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸಾಧನ ಪಡೆದ 50 ಮಂದಿಗೆ ಮೂರು ಮೂರು ತಿಂಗಳ ನಾಲ್ಕು ಅವಧಿಗಳಲ್ಲಿ ಎರಡರಲ್ಲಿ ಬರ್ಸ್ಟ್ ಪ್ರಚೋದನೆ ದೊರೆಯಿತು, ಎರಡರಲ್ಲಿ ಏನೂ ಇರಲಿಲ್ಲ. ದೈನಂದಿನ ಅಶಕ್ತತೆಯ ಅಂಕ ಪ್ರಚೋದನೆಯಿದ್ದಾಗ 10.6ರಷ್ಟು, ಇಲ್ಲದಾಗ 9.3ರಷ್ಟು ಇಳಿಯಿತು. ವ್ಯತ್ಯಾಸ ಕೇವಲ 1.3. ಇಲ್ಲಿ ನನ್ನನ್ನು ಹೆಚ್ಚು ಕಾಡುವ ಅಂಕಿ 9.3. ಯಂತ್ರ ಆರಿದ್ದಾಗಲೂ ರೋಗಿಗಳು ಅಷ್ಟು ಸುಧಾರಿಸಿದ್ದರೆ, ಅಳವಡಿಕೆಗೆ ಮುನ್ನ ನಡೆಸುವ ತಾತ್ಕಾಲಿಕ ಪರೀಕ್ಷೆ ವಿದ್ಯುತ್ತಿನ ಗುಣವನ್ನು ಅಳೆಯುತ್ತಿದೆಯೋ ಭರವಸೆಯ ಗುಣವನ್ನೋ? ಬಳಸಿದ ಬರ್ಸ್ಟ್ ಮಾದರಿ ಸರಿಯಿರಲಿಲ್ಲ ಎಂಬ ಆಕ್ಷೇಪ ಬಂದಿದೆ, ಅದನ್ನು ತಳ್ಳಿಹಾಕಲಾಗದು. ಜುಮ್ಮೆನಿಸುವ ಹಳೆಯ ಕ್ರಮವನ್ನಂತೂ ಈ ಪ್ರಯೋಗ ಪರೀಕ್ಷಿಸಲೇ ಇಲ್ಲ. ಆದರೂ 2023ರ ಕಾಕ್ರೇನ್ ಸಮೀಕ್ಷೆ, ಕೆಳಬೆನ್ನಿನ ನೋವಿನ ಕುರಿತ 13 ಪ್ರಯೋಗಗಳನ್ನು ಪರಿಶೀಲಿಸಿ, ಖರ್ಚು ಮತ್ತು ಅಪಾಯಗಳನ್ನು ಮೀರುವ ಬಾಳಿಕೆಯ ಲಾಭ ಬಹುಶಃ ಇಲ್ಲವೆಂದಿತು.

ಅಪಾಯಗಳು ಸಣ್ಣವಲ್ಲ: ತಂತಿ ಜರುಗುವುದು, ಸೋಂಕು, ಮರುಶಸ್ತ್ರಚಿಕಿತ್ಸೆ. 2016ರಿಂದ 2020ರವರೆಗಿನ ನಾಲ್ಕು ವರ್ಷಗಳಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಈ ಸಾಧನಗಳ ಬಗ್ಗೆ 1,07,728 ವರದಿಗಳು ಬಂದವು. ಪ್ರತಿ ವರದಿಯೂ ಸಾಧನದ ತಪ್ಪನ್ನು ಸಾಬೀತು ಮಾಡುವುದಿಲ್ಲವಾದರೂ ಈ ಸಂಖ್ಯೆಯನ್ನು ಕಡೆಗಣಿಸುವಂತಿಲ್ಲ.

ಭಾರತಕ್ಕೆ ಈ ಚರ್ಚೆ ಹತ್ತಿರವಾಗುವುದು ಮಧುಮೇಹದ ದಾರಿಯಿಂದ. ಮಧುಮೇಹದಿಂದ ಬರುವ ನರನೋವಿಗೆ ಅಧಿಕ ಆವರ್ತನದ ಪ್ರಚೋದನೆಯನ್ನು 2021ರಲ್ಲಿ ಎಫ್‌ಡಿಎ ಒಪ್ಪಿತು. ಅದಕ್ಕೆ ಆಧಾರವಾದ 216 ಮಂದಿಯ ಪ್ರಯೋಗದಲ್ಲಿ ನೋವು ಅರ್ಧದಷ್ಟಾದರೂ ಇಳಿದವರು ಸಾಧನದ ಗುಂಪಿನಲ್ಲಿ ಶೇ. 79, ಔಷಧೋಪಚಾರದ ಗುಂಪಿನಲ್ಲಿ ಶೇ. 5, ಆದರೆ ಅಲ್ಲಿಯೂ ಹುಸಿ ಪ್ರಚೋದನೆಯ ಗುಂಪು ಇರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2023ರ ಅಂದಾಜಿನಂತೆ ನಮ್ಮಲ್ಲಿ ಮಧುಮೇಹಿಗಳು 10.1 ಕೋಟಿ. ಈ ಸಾಧನಕ್ಕೆ ಇಷ್ಟು ದೊಡ್ಡ ಮಾರುಕಟ್ಟೆ ತೆರೆದುಕೊಳ್ಳುವ ಮುನ್ನ, ಯಂತ್ರವನ್ನು ಗುಟ್ಟಾಗಿ ಆರಿಸಿ ನೋಡುವ ಪ್ರಯೋಗವೊಂದು ಇಲ್ಲಿಯೇ ನಡೆಯಬೇಕು. ವೈದ್ಯಕೀಯ ಸಾಧನಗಳ ಅಡ್ಡಪರಿಣಾಮಗಳನ್ನು ದಾಖಲಿಸುವ ಮೆಟೀರಿಯೊವಿಜಿಲೆನ್ಸ್ ಕಾರ್ಯಕ್ರಮ 2015ರಿಂದಲೂ ದೇಶದಲ್ಲಿದೆ. ಸಾಧನ ಅಳವಡಿಸುವ ಪ್ರತಿಯೊಬ್ಬ ವೈದ್ಯರೂ ತೊಂದರೆಗಳನ್ನು ಅಲ್ಲಿಗೆ ವರದಿ ಮಾಡಬೇಕು, ಒಪ್ಪಿಗೆಪತ್ರಕ್ಕೆ ಸಹಿ ಪಡೆಯುವ ಮುನ್ನ ಟ್ರಾನ್‌ಹೈಮ್‌ನ ಫಲಿತಾಂಶವನ್ನು ರೋಗಿಗೆ ಅವರ ಭಾಷೆಯಲ್ಲಿ ತಿಳಿಸಬೇಕು.