ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಸೋರಿಕೆ (ಮೌಂಟೇನ್ ಬೈಕ್)

ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಸೋರಿಕೆ ಎಂಬುದು ಮೌಂಟೇನ್ ಬೈಕ್‌ಗಳ ದ್ರವಚಾಲಿತ ಬ್ರೇಕ್‌ಗಳಲ್ಲಿ ಕಂಡುಬರುವ ದೋಷ. ಬ್ರೇಕ್ ವ್ಯವಸ್ಥೆಯೊಳಗಿನ ದ್ರವವು ಕೊಳವೆಯ ಜೋಡಣೆ, ರಬ್ಬರ್ ಸೀಲ್ ಅಥವಾ ತಿರುಪುಗಳ ಸಂದಿನಿಂದ ಹೊರಬರುವುದನ್ನು ಹೀಗೆ ಕರೆಯುತ್ತಾರೆ. ಸೋರಿಕೆಯು ಎರಡು ಬಗೆಯಲ್ಲಿ ಅಪಾಯಕಾರಿ. ದ್ರವ ಕಡಿಮೆಯಾಗಿ ಗಾಳಿ ಒಳಸೇರಿದರೆ, ಲಿವರ್ ಹ್ಯಾಂಡಲ್‌ವರೆಗೆ ಬಂದರೂ ಚಕ್ರ ನಿಲ್ಲುವುದಿಲ್ಲ. ಕ್ಯಾಲಿಪರ್‌ನಿಂದ ಸೋರಿದ ದ್ರವ ಪ್ಯಾಡ್‌ಗೆ ತಗುಲಿದರೆ, ಲಿವರ್ ಗಟ್ಟಿಯಾಗಿಯೇ ಇದ್ದರೂ ಘರ್ಷಣೆ ಇಲ್ಲವಾಗುತ್ತದೆ. ಸೋರುವ ಜಾಗವನ್ನು ಸರಿಯಾಗಿ ಗುರುತಿಸಿದರೆ ಹಲವು ಸೋರಿಕೆಗಳನ್ನು ಮನೆಯಲ್ಲಿಯೇ ಸರಿಪಡಿಸಬಹುದು. ಆದರೆ ಜಾಗ ಗುರುತಿಸದೆ ಕಡಿಮೆಯಾದ ದ್ರವವನ್ನು ಮತ್ತೆ ತುಂಬುವುದು ದುರಸ್ತಿಯಲ್ಲ, ದೋಷವನ್ನು ಮುಂದೂಡುವುದಷ್ಟೇ.

ರಚನೆ ಮತ್ತು ಕಾರ್ಯವಿಧಾನ

ಈ ಬ್ರೇಕ್‌ಗಳು ಪಾಸ್ಕಲ್ ನಿಯಮವನ್ನು ಆಧರಿಸಿವೆ. ಮುಚ್ಚಿದ ದ್ರವದ ಒಂದೆಡೆ ಹಾಕಿದ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆ ಎಂಬುದು ಆ ನಿಯಮ. ಹ್ಯಾಂಡಲ್ ಮೇಲಿನ ಲಿವರ್ ಎಳೆದಾಗ ಅದರೊಳಗಿನ ಮಾಸ್ಟರ್ ಸಿಲಿಂಡರ್‌ನ ಸಣ್ಣ ಪಿಸ್ಟನ್ ದ್ರವವನ್ನು ಕೊಳವೆಯೊಳಗೆ ತಳ್ಳುತ್ತದೆ. ಆ ಒತ್ತಡಕ್ಕೆ ಚಕ್ರದ ಬಳಿಯ ಕ್ಯಾಲಿಪರ್‌ನಲ್ಲಿರುವ ಎರಡು ಅಥವಾ ನಾಲ್ಕು ದೊಡ್ಡ ಪಿಸ್ಟನ್‌ಗಳು ಮುಂದೆ ಬಂದು, ಪ್ಯಾಡ್‌ಗಳನ್ನು ಉಕ್ಕಿನ ರೋಟರ್‌ಗೆ ಒತ್ತುತ್ತವೆ.

ಕ್ಯಾಲಿಪರ್ ಪಿಸ್ಟನ್‌ನ ಸುತ್ತ ಇರುವ ಚೌಕ ಅಡ್ಡಕೊಯ್ತದ ರಬ್ಬರ್ ಸೀಲ್ ಎರಡು ಕೆಲಸ ಮಾಡುತ್ತದೆ. ದ್ರವ ಹೊರಬರದಂತೆ ತಡೆಯುವುದು ಒಂದು. ಪಿಸ್ಟನ್ ಮುಂದೆ ಸರಿದಾಗ ತಾನೂ ಸ್ವಲ್ಪ ಬಾಗಿ, ಲಿವರ್ ಬಿಟ್ಟೊಡನೆ ಮೊದಲಿನ ಆಕಾರಕ್ಕೆ ಮರಳುತ್ತಾ ಪಿಸ್ಟನ್ನನ್ನು ಹಿಂದಕ್ಕೆ ಎಳೆಯುವುದು ಇನ್ನೊಂದು. ಹೀಗಾಗಿ ಒಣಗಿದ ಅಥವಾ ಉಬ್ಬಿದ ಸೀಲ್ ಸೋರುವುದಕ್ಕೂ ಮೊದಲೇ ಪ್ಯಾಡ್ ರೋಟರ್‌ಗೆ ಉಜ್ಜುವ ಸದ್ದಿನಿಂದ ತನ್ನ ಸ್ಥಿತಿಯನ್ನು ತಿಳಿಸುವುದುಂಟು.

ಲಿವರ್‌ನ ಒಳಗೆ ರಿಸರ್ವಾಯರ್ ಎಂಬ ಸಣ್ಣ ಸಂಗ್ರಹ ಕೋಶವಿದೆ. ಪ್ಯಾಡ್ ಸವೆದಂತೆ ಪಿಸ್ಟನ್‌ಗಳು ಹೆಚ್ಚು ಹೊರಗೆ ನಿಲ್ಲುತ್ತವೆ. ಅವುಗಳ ಹಿಂದಿನ ಜಾಗವನ್ನು ತುಂಬಲು ಈ ಕೋಶದಿಂದ ದ್ರವ ಇಳಿಯುತ್ತದೆ. ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಮೊದಲನೆಯದು, ದ್ರವದ ಮಟ್ಟ ಇಳಿದಿದೆ ಎಂದ ಮಾತ್ರಕ್ಕೆ ಸೋರಿಕೆ ಇದೆ ಎಂದಲ್ಲ, ಪ್ಯಾಡ್ ಸವೆದಿರಬಹುದು. ಆ ಸ್ಥಿತಿಯಲ್ಲಿ ಕೋಶವನ್ನು ತುಂಬಿಸಿ, ಅನಂತರ ಹೊಸ ಪ್ಯಾಡ್ ಹಾಕಲು ಪಿಸ್ಟನ್‌ಗಳನ್ನು ಹಿಂದಕ್ಕೆ ತಳ್ಳಿದರೆ ಹೆಚ್ಚಾದ ದ್ರವಕ್ಕೆ ಜಾಗವಿಲ್ಲದೆ ಲಿವರ್‌ನ ಮುಚ್ಚಳದ ಬಳಿ ಹೊಸದಾಗಿ ಸೋರಿಕೆ ಹುಟ್ಟಬಹುದು. ಎರಡನೆಯದು, ನಿಜವಾಗಿ ಸೋರುತ್ತಿರುವ ಬ್ರೇಕ್ ಕೂಡ ಕೋಶದಲ್ಲಿ ದ್ರವ ಇರುವಷ್ಟು ದಿನ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕೋಶ ಬರಿದಾಗಿ ಗಾಳಿ ಒಳಹೊಕ್ಕಾಗ ಲಿವರ್ ಸ್ಪಂಜಿನಂತಾಗುತ್ತದೆ. ಈ ಬದಲಾವಣೆ ಕೆಲವೊಮ್ಮೆ ಒಂದೇ ಸವಾರಿಯಲ್ಲಿ, ಅದೂ ಲಿವರನ್ನು ಹೆಚ್ಚಾಗಿ ಬಳಸುವ ಇಳಿಜಾರಿನಲ್ಲಿ ಆಗುತ್ತದೆ.

ಹಿನ್ನೆಲೆ

ದ್ರವಚಾಲಿತ ಬ್ರೇಕ್ ಸೈಕಲ್‌ಗೆ ಬಂದದ್ದು ಮೋಟಾರು ವಾಹನಗಳಿಂದ. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ಅಭಿವೃದ್ಧಿಪಡಿಸಿದ ವ್ಯವಸ್ಥೆಯು 1921ರಲ್ಲಿ ಡ್ಯೂಸನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಲ್ಲಿ ಬಳಕೆಯಾಯಿತು. ಸೈಕಲ್‌ಗಳಲ್ಲಿ ಜರ್ಮನಿಯ ಮಗುರಾ ಕಂಪನಿಯು 1980ರ ದಶಕದಲ್ಲಿ ದ್ರವಚಾಲಿತ ರಿಮ್ ಬ್ರೇಕ್‌ಗಳನ್ನು ತಂದಿತು. ಮೌಂಟೇನ್ ಬೈಕ್‌ಗಳಲ್ಲಿ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ವ್ಯಾಪಕವಾದದ್ದು 1990ರ ದಶಕದ ಕೊನೆಯ ಭಾಗದಿಂದ ಈಚೆಗೆ.

ದ್ರವದ ವಿಧಗಳು

ಸೈಕಲ್ ಬ್ರೇಕ್‌ಗಳಲ್ಲಿ ಖನಿಜ ತೈಲ ಮತ್ತು ಡಾಟ್ ದ್ರವ ಎಂಬ ಎರಡು ಬಗೆಯ ದ್ರವಗಳು ಬಳಕೆಯಲ್ಲಿವೆ. ಶಿಮಾನೊ, ಮಗುರಾ ಮತ್ತು ಟೆಕ್ಟ್ರೋ ಬ್ರೇಕ್‌ಗಳು ಖನಿಜ ತೈಲವನ್ನೂ, ಹೋಪ್ ಬ್ರೇಕ್‌ಗಳು ಡಾಟ್ ದ್ರವವನ್ನೂ ಬಳಸುತ್ತವೆ. ಬಹುಕಾಲ ಡಾಟ್ 5.1 ಬಳಸಿದ ಸ್ರ್ಯಾಮ್ ಕಂಪನಿಯು ಮೇವನ್‌ನಂತಹ ಇತ್ತೀಚಿನ ಮಾದರಿಗಳಲ್ಲಿ ಖನಿಜ ತೈಲಕ್ಕೆ ಹೊರಳಿದೆ. ಆದ್ದರಿಂದ ಕಂಪನಿಯ ಹೆಸರೊಂದನ್ನೇ ನೋಡಿ ದ್ರವವನ್ನು ನಿರ್ಧರಿಸುವುದು ಸಲ್ಲದು. ಲಿವರ್ ಅಥವಾ ಅದರ ಮುಚ್ಚಳದ ಮೇಲಿನ ಬರಹವನ್ನು, ಇಲ್ಲವೇ ಆ ಮಾದರಿಯ ಕೈಪಿಡಿಯನ್ನು ನೋಡಬೇಕು.

ಡಾಟ್ ಎಂಬುದು ಅಮೆರಿಕದ ಸಾರಿಗೆ ಇಲಾಖೆಯ ಹೆಸರಿನ ಸಂಕ್ಷೇಪ. ಡಾಟ್ 3, 4 ಮತ್ತು 5.1 ಗ್ಲೈಕಾಲ್ ಮೂಲದವು. ಹೊಸ ದ್ರವದ ಕನಿಷ್ಠ ಕುದಿಬಿಂದು ಡಾಟ್ 4ಕ್ಕೆ 230 ಡಿಗ್ರಿ ಸೆಲ್ಸಿಯಸ್, ಡಾಟ್ 5.1ಕ್ಕೆ 260 ಡಿಗ್ರಿ. ಇವು ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಕಾಲಕ್ರಮದಲ್ಲಿ ಕುದಿಬಿಂದು ಇಳಿಯುತ್ತದೆ. ತೇವ ಹೀರಿದ ಸ್ಥಿತಿಗೆ ನಿಗದಿಯಾದ ಮಿತಿ ಕ್ರಮವಾಗಿ 155 ಮತ್ತು 180 ಡಿಗ್ರಿ. ಹೆಸರಿನಲ್ಲಿ ಹತ್ತಿರವಿದ್ದರೂ ಡಾಟ್ 5 ಸಿಲಿಕೋನ್ ಮೂಲದ್ದು, ಅದನ್ನು 5.1ರ ಬದಲಿಗೆ ಬಳಸುವಂತಿಲ್ಲ. ಖನಿಜ ತೈಲವು ನೀರನ್ನು ಹೀರುವುದಿಲ್ಲ. ಆದರೆ ಒಳಹೊಕ್ಕ ನೀರು ಅದರಲ್ಲಿ ಬೆರೆಯದೆ ತಗ್ಗಿನಲ್ಲಿರುವ ಕ್ಯಾಲಿಪರ್‌ನಲ್ಲಿಯೇ ನಿಂತು, ಬಿಸಿಯಾದಾಗ ಆವಿಯಾಗಬಲ್ಲದು.

ಎರಡು ದ್ರವಗಳ ಸೀಲ್‌ಗಳು ಬೇರೆ ಬೇರೆ ರಬ್ಬರಿನವು. ಡಾಟ್ ದ್ರವಕ್ಕಾಗಿ ಮಾಡಿದ ಸೀಲ್ ಖನಿಜ ತೈಲದಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಖನಿಜ ತೈಲದ ಸೀಲ್ ಡಾಟ್ ದ್ರವದಲ್ಲಿ ಕೆಡುತ್ತದೆ. ಮನೆಯ ದುರಸ್ತಿಯಲ್ಲಿ ಆಗುವ ಅತ್ಯಂತ ದುಬಾರಿ ತಪ್ಪು ಇದೇ. ಬೈಕ್ ಮತ್ತು ಕಾರುಗಳ ಬಿಡಿಭಾಗದ ಅಂಗಡಿಗಳಲ್ಲಿ ಬ್ರೇಕ್ ಆಯಿಲ್ ಎಂದು ಕೇಳಿದರೆ ಸಿಗುವುದು ಡಾಟ್ 3 ಅಥವಾ ಡಾಟ್ 4. ಅದನ್ನು ಖನಿಜ ತೈಲದ ಸೈಕಲ್ ಬ್ರೇಕ್‌ಗೆ ಹಾಕಿದರೆ, ಒಂದು ಸೋರುವ ಜೋಡಣೆಯ ಬದಲಿಗೆ ಲಿವರ್ ಮತ್ತು ಕ್ಯಾಲಿಪರ್‌ನ ಎಲ್ಲ ಸೀಲ್‌ಗಳೂ ಹಾಳಾಗಬಹುದು.

ಸೋರಿಕೆಯ ಪತ್ತೆ

ಸೋರಿದ ದ್ರವ ಕೆಳಮುಖವಾಗಿ ಹರಿದು ಧೂಳನ್ನು ಹಿಡಿದುಕೊಳ್ಳುತ್ತದೆ. ಆದ್ದರಿಂದ ಒದ್ದೆ ಕಾಣುವ ಜಾಗವೇ ಸೋರುವ ಜಾಗವಾಗಿರಬೇಕಿಲ್ಲ. ಮೊದಲು ಚಕ್ರವನ್ನೂ ಪ್ಯಾಡ್‌ಗಳನ್ನೂ ತೆಗೆದಿಟ್ಟು, ಲಿವರ್, ಕೊಳವೆಯ ಎರಡೂ ತುದಿ ಮತ್ತು ಕ್ಯಾಲಿಪರನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಪೂರ್ತಿ ಒಣಗಿಸಬೇಕು. ಪ್ಯಾಡ್‌ಗಳ ಜಾಗದಲ್ಲಿ ಬ್ಲೀಡ್ ಬ್ಲಾಕ್ ಎಂಬ ಪ್ಲಾಸ್ಟಿಕ್ ತುಂಡನ್ನು ಇಡಬೇಕು. ಏನನ್ನೂ ಇಡದೆ ಲಿವರ್ ಒತ್ತಿದರೆ ಪಿಸ್ಟನ್‌ಗಳು ಕಳಚಿ ಬರಬಹುದು. ಅನಂತರ ಪ್ರತಿ ಜೋಡಣೆಗೂ ಟಿಶ್ಯೂ ಕಾಗದ ಸುತ್ತಿ, ಲಿವರನ್ನು ಗಟ್ಟಿ ರಬ್ಬರ್ ಬ್ಯಾಂಡ್‌ನಿಂದ ಹ್ಯಾಂಡಲ್‌ಗೆ ಎಳೆದು ಕಟ್ಟಿ ರಾತ್ರಿಯಿಡೀ ಬಿಟ್ಟರೆ, ಬೆಳಗ್ಗೆ ಕಲೆಯಾದ ಕಾಗದವು ಸೋರುವ ಜಾಗವನ್ನು ತೋರಿಸುತ್ತದೆ. ಕಾಗದ ಒಣಗಿಯೇ ಇದ್ದು ಲಿವರ್ ಮಾತ್ರ ಮೆತ್ತಗಾಗಿದ್ದರೆ, ಮಾಸ್ಟರ್ ಸಿಲಿಂಡರ್‌ನ ಒಳಗಿನ ಸೀಲ್ ದಾಟಿ ದ್ರವ ರಿಸರ್ವಾಯರ್‌ಗೆ ಹಿಂದಿರುಗುತ್ತಿರಬಹುದು, ಇಲ್ಲವೇ ಕೊಳವೆಯಲ್ಲಿ ಗಾಳಿ ಇರಬಹುದು.

ಕೊಳವೆಯ ಜೋಡಣೆಯ ದುರಸ್ತಿ

ಮನೆಯಲ್ಲಿ ಪೂರ್ಣವಾಗಿ ಸರಿಪಡಿಸಬಹುದಾದ ಸೋರಿಕೆ ಎಂದರೆ ಕೊಳವೆಯು ಲಿವರನ್ನು ಸೇರುವ ತುದಿಯದು. ಹೊಸ ಸೈಕಲ್ ಜೋಡಿಸುವಾಗ ಕೊಳವೆಯನ್ನು ಗಿಡ್ಡಗೊಳಿಸಿದ ಬಳಿಕ, ಅಥವಾ ಬಿದ್ದಾಗ ಹ್ಯಾಂಡಲ್ ಪೂರ್ತಿ ತಿರುಗಿ ಕೊಳವೆ ಜಗ್ಗಿದ ಬಳಿಕ ಈ ಜಾಗ ಸೋರುವುದು ಸಾಮಾನ್ಯ. ಇಲ್ಲಿ ಕೊಳವೆಯ ಬಾಯೊಳಗೆ ಇನ್ಸರ್ಟ್ ಎಂಬ ಲೋಹದ ನಳಿಕೆಯೂ, ಹೊರಗೆ ಆಲಿವ್ ಎಂಬ ಮೆತು ಲೋಹದ ಉಂಗುರವೂ ಇರುತ್ತವೆ. ನಟ್ ಬಿಗಿದಾಗ ಆಲಿವ್ ಹಿಸುಕಿಕೊಂಡು ಕೊಳವೆಯನ್ನು ಕಚ್ಚಿ ಹಿಡಿಯುತ್ತದೆ. ಒಮ್ಮೆ ಹಿಸುಕಿದ ಆಲಿವ್ ಮತ್ತೆ ಸರಿಯಾಗಿ ಕೂರುವುದಿಲ್ಲ. ನಟ್ ನಿಜಕ್ಕೂ ಸಡಿಲವಿದ್ದರೆ ನಿಗದಿತ ಮಟ್ಟಕ್ಕೆ ಬಿಗಿಯುವುದರಿಂದಲೇ ಸೋರಿಕೆ ನಿಲ್ಲಬಹುದು. ಅದಕ್ಕೂ ನಿಲ್ಲದಿದ್ದರೆ ಇನ್ನಷ್ಟು ಬಲ ಹಾಕುವುದು ಲಿವರ್‌ನ ಮರೆಗಳನ್ನು ಕೆಡಿಸುತ್ತದೆ. ಆಗ ಎರಡೂ ಭಾಗಗಳನ್ನು ಹೊಸದಾಗಿ ಹಾಕಬೇಕು.

ನಟ್ ಬಿಚ್ಚಿ ಕೊಳವೆಯನ್ನು ಹೊರತೆಗೆದು, ಹಳೆಯ ಆಲಿವ್ ಇರುವ ತುದಿಯನ್ನು ಕತ್ತರಿಸಬೇಕು. ಕೊಯ್ತ ಕೊಳವೆಗೆ ನೇರ ಲಂಬವಾಗಿರಬೇಕು. ಗರಗಸದಿಂದ ಕೊಯ್ದರೆ ಒಳಪದರದ ಪುಡಿ ದ್ರವಕ್ಕೆ ಸೇರುವುದರಿಂದ ಕೊಳವೆ ಕತ್ತರಿಸುವ ಕಟರ್ ಅಥವಾ ಹೊಸ ಬ್ಲೇಡ್ ಬಳಸುವುದು ಮೇಲು. ಕತ್ತರಿಸುವ ಮೊದಲು ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಉಳಿಯುವ ಉದ್ದ ಸಾಕೇ ಎಂದು ನೋಡಬೇಕು. ಸಾಲದಿದ್ದರೆ ಕೊಳವೆಯನ್ನೇ ಬದಲಿಸಬೇಕಾಗುತ್ತದೆ. ರಬ್ಬರ್ ಹೊದಿಕೆ, ನಟ್, ಆಲಿವ್ ಇವನ್ನು ಇದೇ ಕ್ರಮದಲ್ಲಿ ಕೊಳವೆಗೆ ಏರಿಸಿ, ಕೊಳವೆಯನ್ನು ಹಿಡಿಕೆ ತುಂಡುಗಳ ನಡುವೆ ವೈಸ್‌ನಲ್ಲಿ ಹಿಡಿದು, ಇನ್ಸರ್ಟನ್ನು ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ತುದಿಯವರೆಗೆ ಕೂರಿಸಬೇಕು. ನಟ್ ಮೊದಲೇ ಏರಿಸಲು ಮರೆತು ಇನ್ಸರ್ಟ್ ಹೊಡೆದುಬಿಟ್ಟರೆ ಹೆಚ್ಚಿನ ಮಾದರಿಗಳಲ್ಲಿ ಮತ್ತೆ ಕತ್ತರಿಸದೆ ದಾರಿಯಿಲ್ಲ. ಇನ್ಸರ್ಟ್‌ಗಳು ನೋಡಲು ಒಂದೇ ತೆರನಾಗಿ ಕಂಡರೂ ಕೊಳವೆಯ ಒಳವ್ಯಾಸಕ್ಕೆ ತಕ್ಕಂತೆ ಬೇರೆಯಾಗಿರುತ್ತವೆ. ಶಿಮಾನೊದ ಬಿಎಚ್59 ಮತ್ತು ಬಿಎಚ್90 ಕೊಳವೆಗಳ ಇನ್ಸರ್ಟ್‌ಗಳನ್ನು ಅದಲುಬದಲು ಮಾಡುವಂತಿಲ್ಲ. ಕೊಳವೆಯನ್ನು ಲಿವರ್‌ನೊಳಗೆ ಕೊನೆಮುಟ್ಟ ಒತ್ತಿ ಹಿಡಿದುಕೊಂಡೇ ನಟ್ ಬಿಗಿಯಬೇಕು. ಶಿಮಾನೊ ಲಿವರ್‌ಗಳಲ್ಲಿ ಇದಕ್ಕೆ 8 ಮಿ.ಮೀ. ಸ್ಪ್ಯಾನರ್ ಬೇಕು, ನಿಗದಿತ ಬಿಗಿತ 5ರಿಂದ 7 ನ್ಯೂಟನ್ ಮೀಟರ್.

ಕ್ಯಾಲಿಪರ್ ಕಡೆಯ ತುದಿಯು ಹಲವು ಮಾದರಿಗಳಲ್ಲಿ ನಡುವೆ ತೂತಿರುವ ಬ್ಯಾಂಜೊ ಬೋಲ್ಟ್‌ನಿಂದ ಜೋಡಣೆಯಾಗಿರುತ್ತದೆ. ಅಲ್ಲಿ ಸೋರಿದರೆ ಎರಡೂ ಬದಿಯ ವಾಷರ್ ಅಥವಾ ಓ-ರಿಂಗ್‌ಗಳನ್ನು ಬದಲಿಸಿದರೆ ಸಾಮಾನ್ಯವಾಗಿ ಸಾಕು. ಕೊಳವೆಯ ನಡುಭಾಗವೇ ಉಜ್ಜಿ ತೂತಾಗಿದ್ದರೆ ಅಂಟು ಅಥವಾ ಟೇಪ್ ಆ ಒತ್ತಡವನ್ನು ತಡೆಯುವುದಿಲ್ಲ.

ಕ್ಯಾಲಿಪರ್ ಮತ್ತು ಲಿವರ್‌ನ ಸೋರಿಕೆ

ಪಿಸ್ಟನ್‌ನ ಸುತ್ತ ಒದ್ದೆ ಕಂಡರೆ ಮೊದಲು ಕೊಳೆಯನ್ನು ಅನುಮಾನಿಸಬೇಕು. ಲಿವರನ್ನು ಮೆಲ್ಲಗೆ ಒತ್ತಿ ಪಿಸ್ಟನ್‌ಗಳನ್ನು ಕೆಲವೇ ಮಿಲಿಮೀಟರ್ ಹೊರತಂದು, ಆಲ್ಕೊಹಾಲ್ ಅದ್ದಿದ ಹತ್ತಿಯ ಕಡ್ಡಿಯಿಂದ ಅಂಚುಗಳನ್ನು ಒರೆಸಿ, ಆ ಬ್ರೇಕಿನದೇ ದ್ರವವನ್ನು ಒಂದು ಹನಿ ಸವರಿ, ಹಿಂದಕ್ಕೆ ತಳ್ಳಬೇಕು. ತಳ್ಳಲು ಸ್ಕ್ರೂಡ್ರೈವರ್ ಬಳಸಬಾರದು. ಅನೇಕ ಪಿಸ್ಟನ್‌ಗಳು ಸಿರಾಮಿಕ್‌ನವು. ಅವು ಬಿರುಕು ಬಿಟ್ಟರೆ ಸರಿಪಡಿಸಲಾಗದು. ಟೈರ್ ಬಿಚ್ಚುವ ಪ್ಲಾಸ್ಟಿಕ್ ಲಿವರ್ ಈ ಕೆಲಸಕ್ಕೆ ತಕ್ಕುದು.

ಇದಾದ ಮೇಲೂ ಸೋರಿದರೆ ಸೀಲ್ ಬದಲಿಸಬೇಕು. ಇದು ಸಾಧ್ಯವೇ ಎಂಬುದು ತಯಾರಕರನ್ನು ಅವಲಂಬಿಸಿದೆ. ಹೋಪ್ ಮತ್ತು ಸ್ರ್ಯಾಮ್ ಸೀಲ್ ಮತ್ತು ಪಿಸ್ಟನ್‌ಗಳ ಕಿಟ್‌ಗಳನ್ನು ಮಾರುತ್ತವೆ. ಶಿಮಾನೊ ತನ್ನ ಕ್ಯಾಲಿಪರ್‌ಗಳಿಗೆ ಇವನ್ನು ಬಿಡಿಯಾಗಿ ಕೊಡುವುದಿಲ್ಲವಾದ್ದರಿಂದ ಇಡೀ ಕ್ಯಾಲಿಪರನ್ನೇ ಬದಲಿಸಬೇಕಾಗುತ್ತದೆ. ಕಿಟ್ ಇದ್ದಲ್ಲಿ, ಹಳೆಯ ಸೀಲನ್ನು ಪ್ಲಾಸ್ಟಿಕ್ ಅಥವಾ ಮರದ ಕಡ್ಡಿಯಿಂದ ಎಬ್ಬಿಸಬೇಕು. ಸೀಲ್ ಕೂರುವ ಗಾಡಿಯಲ್ಲಿ ಸೂಜಿಯ ಒಂದು ಗೀರು ಬಿದ್ದರೂ ಹೊಸ ಸೀಲ್ ಸೋರುತ್ತದೆ. ಪಿಸ್ಟನ್ನನ್ನು ಓರೆಯಾಗದಂತೆ ಬೆರಳಿನಿಂದಲೇ ಒತ್ತಿ ಕೂರಿಸಬೇಕು.

ಲಿವರ್‌ನ ಮುಚ್ಚಳ ಅಥವಾ ಬ್ಲೀಡ್ ತಿರುಪಿನ ಬಳಿಯ ಸೋರಿಕೆಗೆ ಅಲ್ಲಿನ ಓ-ರಿಂಗ್ ಅಥವಾ ಡಯಾಫ್ರಮ್ ಕಾರಣ. ಇದು ಸುಲಭ. ಲಿವರ್‌ನ ತಿರುಗುಕೀಲಿನ ಬಳಿ, ಪಿಸ್ಟನ್ ದಂಡದ ಸುತ್ತ ದ್ರವ ಕಂಡರೆ ಮಾತ್ರ ಮಾಸ್ಟರ್ ಸಿಲಿಂಡರ್‌ನ ಸೀಲ್ ಸವೆದಿದೆ ಎಂದರ್ಥ. ಕಿಟ್ ಸಿಗದ ಮಾದರಿಗಳಲ್ಲಿ ಲಿವರ್ ಬದಲಿಸುವುದೇ ಸರಿ.

ಗಾಳಿ ಹೊರತೆಗೆಯುವಿಕೆ

ವ್ಯವಸ್ಥೆಯನ್ನು ಬಿಚ್ಚಿದ ಮೇಲೆ ಬ್ಲೀಡಿಂಗ್ ಅನಿವಾರ್ಯ. ಶಿಮಾನೊ ಕ್ರಮದಲ್ಲಿ ಲಿವರ್‌ನ ತೂತಿಗೆ ಆಲಿಕೆ ಕೂರಿಸಿ, ಕ್ಯಾಲಿಪರ್‌ನ ನಿಪ್ಪಲ್‌ಗೆ ಜೋಡಿಸಿದ ಸಿರಿಂಜ್‌ನಿಂದ ತೈಲವನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತಾರೆ; ಗಾಳಿ ಸಹಜವಾಗಿ ಮೇಲೇರುವುದರಿಂದ ಗುಳ್ಳೆಗಳು ಆಲಿಕೆಯಲ್ಲಿ ಹೊರಬರುತ್ತವೆ. ಕೊಳವೆಯನ್ನು ತಟ್ಟುತ್ತಾ, ಲಿವರನ್ನು ಚಿಕ್ಕದಾಗಿ ಮಿಡಿಯುತ್ತಾ, ಗುಳ್ಳೆ ನಿಲ್ಲುವವರೆಗೆ ಮುಂದುವರಿಸಬೇಕು. ಸ್ರ್ಯಾಮ್ ಬ್ರೇಕ್‌ಗಳಿಗೆ ಎರಡು ಸಿರಿಂಜ್‌ಗಳು ಬೇಕು. ಬಾಟಲಿಯಲ್ಲಿ ಬಹುಕಾಲ ತೆರೆದಿಟ್ಟ ಡಾಟ್ ದ್ರವವನ್ನು ಬಳಸಬಾರದು. ಡಾಟ್ ದ್ರವ ಬಣ್ಣವನ್ನು ತಿನ್ನುತ್ತದೆ, ಚರ್ಮ ಮತ್ತು ಕಣ್ಣಿಗೆ ಉರಿ ತರುತ್ತದೆ. ಚೆಲ್ಲಿದೊಡನೆ ನೀರಿನಿಂದ ತೊಳೆಯಬೇಕು. ಕೈಗವಸು, ಕನ್ನಡಕ ಅಗತ್ಯ. ಹಳೆಯ ದ್ರವವನ್ನು ಚರಂಡಿಗೆ ಸುರಿಯದೆ ಬಾಟಲಿಯಲ್ಲಿ ಸಂಗ್ರಹಿಸಿ ಹಳೆಯ ಎಂಜಿನ್ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜ್‌ನಲ್ಲಿ ವಿಚಾರಿಸುವುದು ಒಳ್ಳೆಯದು.

ಪ್ಯಾಡ್ ಮತ್ತು ರೋಟರ್

ದ್ರವ ಹೀರಿದ ಪ್ಯಾಡನ್ನು ಒಲೆಯಲ್ಲಿ ಕಾಯಿಸಿ ಅಥವಾ ಮರಳು ಕಾಗದದಿಂದ ಉಜ್ಜಿ ಉಳಿಸಿಕೊಳ್ಳುವ ಪದ್ಧತಿ ಸವಾರರಲ್ಲಿ ಪ್ರಚಲಿತವಿದೆ. ಪ್ಯಾಡ್ ರಂಧ್ರಮಯವಾಗಿದ್ದು ತೈಲ ಆಳಕ್ಕೆ ಇಳಿದಿರುವುದರಿಂದ ಇದರ ಫಲಿತಾಂಶ ನಂಬಲರ್ಹವಲ್ಲ. ಕಾಯಿಸಿದಾಗ ಏಳುವ ಹೊಗೆಯೂ ಹಾನಿಕರ. ಪ್ಯಾಡ್ ಬದಲಿಸುವುದೇ ಸೂಕ್ತ. ರೋಟರನ್ನು ಆಲ್ಕೊಹಾಲ್‌ನಿಂದ ಒರೆಸಿ ಮತ್ತೆ ಬಳಸಬಹುದು. ಶಿಮಾನೊ ರೋಟರ್ ಹೊಸದರಲ್ಲಿ 1.8 ಮಿ.ಮೀ. ದಪ್ಪವಿದ್ದು, 1.5 ಮಿ.ಮೀ.ಗೆ ಸವೆದಾಗ ಬದಲಿಸಬೇಕು.

ಸವಾರಿಗೆ ಮುನ್ನ ಪರೀಕ್ಷೆ

ಜೋಡಣೆ ಮುಗಿದ ಮೇಲೆ ಲಿವರನ್ನು ಬಲವಾಗಿ ಎಳೆದು ಒಂದು ನಿಮಿಷ ಹಿಡಿಯಬೇಕು. ಅದು ನಿಧಾನವಾಗಿ ಹ್ಯಾಂಡಲ್ ಕಡೆಗೆ ಜಾರಿದರೆ ಎಲ್ಲೋ ಸೋರಿಕೆ ಉಳಿದಿದೆ. ರಾತ್ರಿಯಿಡೀ ರಬ್ಬರ್ ಬ್ಯಾಂಡ್ ಕಟ್ಟುವ ಪರೀಕ್ಷೆಯನ್ನು ಒಣ ಕಾಗದದೊಂದಿಗೆ ಮತ್ತೊಮ್ಮೆ ಮಾಡಬೇಕು. ಚಕ್ರ ತಿರುಗುತ್ತಿರುವಾಗ ರೋಟರ್ ಬಳಿ ಬೆರಳು ಇಡಬಾರದು. ಹೊಸ ಪ್ಯಾಡ್‌ಗಳು ಮೊದಲಿಗೆ ದುರ್ಬಲವಾಗಿ ಹಿಡಿಯುತ್ತವೆ. ಸಮತಟ್ಟಾದ, ವಾಹನಗಳಿಲ್ಲದ ದಾರಿಯಲ್ಲಿ ಮಧ್ಯಮ ವೇಗದಿಂದ, ಚಕ್ರ ಪೂರ್ತಿ ಕಚ್ಚಿಕೊಳ್ಳದಂತೆ, ಸುಮಾರು ಇಪ್ಪತ್ತು ಬಾರಿ ವೇಗ ತಗ್ಗಿಸಿದಾಗ ಪ್ಯಾಡ್‌ನ ತೆಳುಪದರ ರೋಟರ್‌ಗೆ ಕೂತು ಹಿಡಿತ ಬರುತ್ತದೆ. ಇಷ್ಟಾದ ಮೇಲೂ ಹಿಡಿತ ಬರದೆ ಕಿರುಗುಟ್ಟುವ ಸದ್ದು ಉಳಿದರೆ ಕ್ಯಾಲಿಪರ್ ಇನ್ನೂ ಸೋರುತ್ತಿದೆಯೇ ಎಂದು ಪ್ಯಾಡ್ ತೆಗೆದು ನೋಡಬೇಕು.